ಮೇಲಕ್ಕೆ ಎಸೆದ ಕಲ್ಲು

ಭಾನುವಾರ ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ವಿಜೇತಾ ಬೆಳಂಬಾರದ ಸುಕ್ರಿಯ ಅಂಗಳದಲ್ಲಿ ಕೂತು, ಸುಕ್ರಿಯ ಮಗಳು ಗಾಯತ್ರಿಯ ಉತ್ತರಪತ್ರಿಕೆ ಓದುತ್ತಿದ್ದಳು. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಹುಡುಗಿ ಆರು ಅಂಕ ಕಡಿಮೆ ಬಿದ್ದು ನಪಾಸಾಗಿದ್ದಳು. ಮರುಪರೀಕ್ಷೆಯ ಅರ್ಜಿ ಕೊಡಲು ಮರುದಿನವೇ ಕೊನೆ. ಸುಕ್ರಿ ಸಹಿ ಹಾಕಲು ಒಪ್ಪಿರಲಿಲ್ಲ.

“ಅದ್ರ ತಲೆಗೆ ಹತ್ತೂದಿಲ್ಲ ಅಕ್ಕೋರೆ, ನೀವಾದ್ರೂ ಎಂತ ಮಾಡ್ತ್ರಿ?” ಹರಿವೆ ಸೊಪ್ಪನ್ನು ಕಟ್ಟು ಕಟ್ಟುತ್ತ ಸುಕ್ರಿ ಅಂದಳು. “ಕಲ್ತದ್ದು ಸಾಕು. ನಾಳೆಯಿಂದ ನನ್ ಸಂಗ್ತಿ ಪೇಟೆಗೆ ಬರ್ಲಿ.”

ಸದಾಶಿವಗಡದ ವಿಜೇತಾ ವಿಮಾನದ ರೆಕ್ಕೆಗಳ ಲೆಕ್ಕ ಮಾಡುವ ಎಂಜಿನಿಯರ್. ಹಗಲು ಅಂಕೋಲೆಯ ಬಾಡಿಗೆ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಆ ಕೆಲಸ. ಸಂಜೆ ಅದೇ ಕೋಣೆಯಲ್ಲಿ ಗಾಯತ್ರಿಯೂ ಸೇರಿ ಒಂಬತ್ತು ಮಕ್ಕಳಿಗೆ ಗಣಿತ, ಭೌತಶಾಸ್ತ್ರದ ಪಾಠ. ವಿಮಾನದ ಲೆಕ್ಕದಲ್ಲಿ ಕೆಳಗಿನ ದಿಕ್ಕನ್ನು ಧನ (ಪ್ಲಸ್) ಎಂದು ಹಿಡಿಯುವುದು ರೂಢಿ. ಅದೇ ಅಭ್ಯಾಸದಲ್ಲಿ ಮಕ್ಕಳಿಗೂ ಹಾಗೆಯೇ ಹೇಳಿಕೊಟ್ಟಿದ್ದಳು. ಬೀಳುವ ಕಲ್ಲಿನ ಲೆಕ್ಕಗಳೆಲ್ಲ ಸರಿಯಾಗಿಯೇ ಬಂದಿದ್ದವು. ಹಾಗೆ ಹಿಡಿದಾಗ, ಮೇಲಕ್ಕೆ ಎಸೆದ ಕಲ್ಲಿನ ವೇಗಕ್ಕೆ ಋಣ (ಮೈನಸ್) ಚಿಹ್ನೆ ಹಾಕಬೇಕೆಂಬ ಮಾತು ಮಾತ್ರ ಬಿಟ್ಟುಹೋಗಿತ್ತು. ಉಳಿದ ಎಂಟು ಮಕ್ಕಳು ಕಾಲೇಜಿನಲ್ಲಿ ಕೇಳಿ ಸರಿಮಾಡಿಕೊಂಡಿದ್ದರು. ಗಾಯತ್ರಿ ಪಾಠ ಹೇಳಿದ ಅಕ್ಕೋರನ್ನೇ ನಂಬಿದ್ದಳು.

ಹಾಗಾಗಿ ಅವಳ ಉತ್ತರಪತ್ರಿಕೆಯಲ್ಲಿ, ನಲವತ್ತು ಮೀಟರ್ ಎತ್ತರದಿಂದ ಮೇಲಕ್ಕೆ ಎಸೆದ ಕಲ್ಲು ಎರಡೇ ಸೆಕೆಂಡಿನಲ್ಲಿ ನೆಲ ಮುಟ್ಟಿತ್ತು. ಸುಮ್ಮನೆ ಕೈಬಿಟ್ಟ ಕಲ್ಲಿಗೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇನ್ನೊಂದು ಪ್ರಶ್ನೆಯಲ್ಲೂ ಇದೇ ತಪ್ಪು.

“ಸುಕ್ರಕ್ಕ, ಇದು ಅವಳ ತಪ್ಪಲ್ಲ, ನಂದು,” ಎಂದು ವಿಜೇತಾ ಒಂದು ಹರಳನ್ನು ಮೇಲಕ್ಕೆ ಹಾರಿಸಿ ತೋರಿಸಿದಳು. “ಮೇಲೆ ಎಸೆದದ್ದನ್ನ ಕೆಳಗೆ ಎಸೆದ ಹಾಗೆ ಲೆಕ್ಕ ಮಾಡಿದ್ದಾಳೆ. ನಾ ಕಲ್ಸಿದ್ದೇ ಹಾಗೆ.”

“ಮೇಲೆ ಹೊಡ್ದದ್ದು ತಡ ಆಗಿ ಬೀಳ್ತದೆ ಅಂತ ನಂಗೂ ಗೊತ್ತದೆ. ವಿಮಾನದೋರಿಗೆ ಗೊತ್ತಿಲ್ವೆ?”

“ಅವ್ವಾ, ಸುಮ್ನಿರೆ,” ಎಂದಳು ಪಕ್ಕದಲ್ಲೇ ಕೂತಿದ್ದ ಗಾಯತ್ರಿ.

“ಗೊತ್ತಿತ್ತು,” ವಿಜೇತಾ ನಕ್ಕಳು. “ಹೇಳೂಕೆ ಮರ್ತೆ.”

ಸುಕ್ರಿ ಮಗಳ ಮುಖ ನೋಡಿದಳು. ಆಮೇಲೆ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಅರ್ಜಿಯನ್ನು ಹತ್ತಿರ ಎಳೆದುಕೊಂಡಳು. ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬರೆಯುತ್ತ, ತಲೆಯೆತ್ತದೆ ಕೇಳಿದಳು: “ನೀವು ಮರ್ತದ್ರಿಂದ ಹೋದದ್ದೆಷ್ಟು?”

ವಿಜೇತಾ ಎರಡೂ ಪ್ರಶ್ನೆಗಳ ಅಂಕ ಮತ್ತೊಮ್ಮೆ ಕೂಡಿ ಹೇಳಿದಳು: “ಎಂಟು.”