ಎದುರಾಳಿಯ ರವಿಕೆ

ಶಿವನಸಮುದ್ರದ ಬಳಿ ಕಾವೇರಿಯ ಎರಡು ಕವಲುಗಳ ನಡುವೆ ನಮ್ಮೂರಿದೆ. ಅಲ್ಲಿ ನಾನು ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುವವಳು. ಸೇತುವೆಯ ಮೇಲೆ ದೀಪವಿಲ್ಲವೆಂದು ವರ್ಷಗಟ್ಟಲೆ ಗೊಣಗಿ ಸಾಕಾಗಿ, ಕಳೆದ ಸಲ ಗ್ರಾಮ ಪಂಚಾಯಿತಿ ಚುನಾವಣೆಗೆ ನಾನೇ ನಿಂತೆ. ಎದುರಿಗೆ ನಿಂತವಳು ನಮ್ಮ ಬೀದಿಯ ಕೊನೆಮನೆಯವಳು, ನನ್ನ ಹಳೆಯ ಗಿರಾಕಿ.

ಪ್ರಚಾರದ ಕೊನೆಯ ದಿನ ಬೆಳಿಗ್ಗೆ ಅವಳು ಹೊಸ ರವಿಕೆ ಹಿಡಿದು ಬಂದಳು.

"ತೋಳು ಬಿಗಿಯಾಗೈತೆ ಕಣಮ್ಮ, ಕೈ ಮುಗಿಯಕ್ಕಾಗಕಿಲ್ಲ. ಕೈ ಮುಗೀದಿದ್ರೆ ವೋಟು ಯಾರು ಕೊಡ್ತಾರೆ?"

ನನ್ನೊಡನೆ ಪ್ರಚಾರಕ್ಕೆ ಹೊರಟಿದ್ದ ಅತ್ತೆ, "ಸಂಜೆ ಕೊಡ್ತೀನಿ ಅನ್ನು, ಬುಡು" ಎಂದು ಪಿಸುಗುಟ್ಟಿದರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆದರೆ ಅಳತೆಯ ತಪ್ಪು ನನ್ನದೇ. ಕೂತು ಬಿಚ್ಚಿ ಹೊಲಿದುಕೊಟ್ಟೆ. ಅವಳು ಒಳಗೆ ಹೋಗಿ ತೊಟ್ಟು ಬಂದು, ಎರಡೂ ಕೈಯೆತ್ತಿ ನನಗೇ ಮುಗಿದು, "ನಂಗೇ ವೋಟಾಕು" ಎಂದಳು. ಅತ್ತೆಯೂ ನಕ್ಕುಬಿಟ್ಟರು.

ಹದಿನೈದು ವೋಟಿನಿಂದ ಅವಳೇ ಗೆದ್ದಳು. ನಾನು ಎರಡು ದಿನ ಸಪ್ಪಗಿದ್ದೆ. ಮೊದಲ ಗ್ರಾಮಸಭೆಯ ದಿನ ಅವಳು ಮತ್ತೆ ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅಷ್ಟು ಜನದ ಮುಂದೆ ನಂಗೆ ಬಾಯೇ ಬರಕಿಲ್ಲ. ಆ ಲೈಟಿನ ಇಚಾರ ನೀನೇ ಬಂದು ಏಳು."

ಹೋದೆ. ನಾನು ಎದ್ದು ಮಾತಾಡಿದೆ, ಪ್ರತಿ ಮಾತಿಗೂ ಅವಳು ಮೇಜು ಕುಟ್ಟಿದಳು. ಕೆಲವೇ ತಿಂಗಳಲ್ಲಿ ಸೇತುವೆಗೆ ದೀಪ ಬಂತು.

ಈಗ ಮಳವಳ್ಳಿಯ ಕಚೇರಿಗೆ ಅರ್ಜಿ ಕೊಡುವುದಿದ್ದರೆ ಇಬ್ಬರೂ ಒಂದೇ ಬಸ್ಸು ಹತ್ತುತ್ತೇವೆ. "ಮುಂದಿನ ಸಲ ನೀನೇ ನಿಂತ್ಕೊ, ನಾನು ನಿಲ್ಲಕಿಲ್ಲ" ಎನ್ನುತ್ತಾಳೆ. ನಾನಂತೂ ನಂಬಿಲ್ಲ.