ಅಮ್ಮನ ಸ್ವರಕ್ಕೆ ಅನುಮತಿ

ಕುಂಬಳೆಯ ಹತ್ತಿರದ ಸಮುದಾಯ ಬಾನುಲಿಯಲ್ಲಿ ಹಾಡುಗಳನ್ನು ಆರಿಸಿ ಹಾಕುವವಳು ನಾನು. ನನ್ನ ಅಮ್ಮನ ಹಾಡೊಂದನ್ನು ಮಾತ್ರ ಹಾಕಲು ನನ್ನಿಂದಾಗಲಿಲ್ಲ.

ಪ್ರಾಯದಲ್ಲಿ ಅಮ್ಮ ಒಂದು ಭಕ್ತಿಗೀತೆಗಳ ಕ್ಯಾಸೆಟ್ಟಿಗೆ ಹಾಡಿದ್ದಳು. ಆಮೇಲೆ ಗಂಟಲಿನ ಆಪರೇಶನ್ ಆಗಿ ಸ್ವರ ಹೋಯಿತು. ಈಗ ಮಾತಾಡಿದರೆ ಗಾಳಿಯಷ್ಟೇ ಬರುತ್ತದೆ, ಕಿವಿ ಹತ್ತಿರ ಹಿಡಿದರೆ ತಿಳಿಯುತ್ತದೆ. ಆದರೂ ಶುಕ್ರವಾರದ ಭಜನೆ ತಪ್ಪಿಸುವುದಿಲ್ಲ. ಮಂದಿರದ ಮೂಲೆಯಲ್ಲಿ ಕೂತು ತಾಳ ಹಾಕುತ್ತಾಳೆ. ಅಲ್ಲಿಗೆ ಬರುವ ಹೆಂಗಸರೆಲ್ಲ ಈಚೆಗೆ ಮದುವೆಯಾಗಿ ಬಂದವರು. ಅವಳ ಹಾಡು ಕೇಳಿದವರು ಒಬ್ಬರೂ ಇಲ್ಲ. ಒಮ್ಮೆ ಇವರಿಗೆ ಕೇಳಿಸಬೇಕು ಎಂಬುದೊಂದೇ ಅವಳ ಆಸೆ.

ಮನೆಯ ಕ್ಯಾಸೆಟ್ ಬೂಸ್ಟು ಹಿಡಿದು ಹಾಳಾಗಿತ್ತು. ನಮ್ಮ ಕೇಂದ್ರದ ಸಂಗ್ರಹದಲ್ಲಿ ಒಂದು ಪ್ರತಿ ಸಿಕ್ಕಿತು. ಹೆಡ್‌ಫೋನ್ ಹಾಕಿ ಕೇಳಿದಾಗ ಅಳು ತಡೆಯಲಾಗಲಿಲ್ಲ. ಅಮ್ಮನೇ ಒಪ್ಪಿದ ಮೇಲೆ ಇನ್ನಾರ ಒಪ್ಪಿಗೆ ಬೇಕು ಎಂದುಕೊಂಡೆ.

ಬೇಕಿತ್ತು. "ಹಾಡಿದ್ದು ನಿಮ್ಮ ಅಮ್ಮ, ಸರಿ. ರೆಕಾರ್ಡಿಂಗ್ ಕಂಪೆನಿಯದ್ದಲ್ವಾ?" ಎಂದರು ಕೇಂದ್ರದ ಮುಖ್ಯಸ್ಥರು. ಆ ಕಂಪೆನಿ ಎಂದೋ ಬಾಗಿಲು ಹಾಕಿದೆ. ಹಕ್ಕು ಯಾರ ಕೈಗೆ ಹೋಯಿತೆಂದು ಕೇಳಿದಲ್ಲೆಲ್ಲ ಗೊತ್ತಿಲ್ಲ ಎಂಬುದೇ ಉತ್ತರ. "ಅನುಮತಿ ಇಲ್ಲದೆ ಹಾಕುವ ಹಾಗಿಲ್ಲ, ಪ್ರತಿ ಹೊರಗೆ ಕೊಡುವ ಹಾಗೂ ಇಲ್ಲ. ನಾಳೆ ಕೇಂದ್ರವನ್ನೇ ಮುಚ್ಚಿಸಿದ್ರೆ ಎಂತ ಮಾಡುದು?" ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಕೀರ್ತನೆ ಹಳೆಯದು, ಯಾರು ಹಾಡಿದರೂ ಅಡ್ಡಿಯಿಲ್ಲ. ಕಾಲೇಜು ಹುಡುಗಿಯೊಬ್ಬಳಿಂದ ಹೊಸದಾಗಿ ಹಾಡಿಸಿ, ಹಿಂದೆ ಇದನ್ನು ಹಾಡಿದವರು ಇವರೆಂದು ಅಮ್ಮನ ಹೆಸರು ಹೇಳುವುದು. ಅಮ್ಮನಿಗೆ ತಿಳಿಸಿದೆ. ಆಗಬಹುದೆಂದು ತಲೆಯಾಡಿಸಿದಳು.

ಹಾಡು ಪ್ರಸಾರವಾಗುವ ಶುಕ್ರವಾರ ಭಜನೆಗೆ ಮೊದಲು ಮಂದಿರದಲ್ಲಿ ರೇಡಿಯೋ ಇಟ್ಟರು. ಅಮ್ಮನ ಜೊತೆ ನಾನೂ ಹೋಗಿದ್ದೆ. ಅವಳ ಹೆಸರು ಬಂದದ್ದೇ ಹೆಂಗಸರಲ್ಲಿ ಗುಸುಗುಸು ಎದ್ದಿತು. ಈಗ ಹಾಡುವವಳು ಬೇರೆ ಹುಡುಗಿ ಎಂಬ ಮುಂದಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಹಾಡು ಮುಗಿದಾಗ ಒಬ್ಬಳು ಓಡಿ ಬಂದು ಅಮ್ಮನ ಕೈ ಹಿಡಿದಳು. "ಎಂತ ಸ್ವರ ಅಕ್ಕಾ ನಿಮ್ಮದು. ನಮಗೆ ಗೊತ್ತೇ ಇರ್ಲಿಲ್ಲ." ಇನ್ನಿಬ್ಬರು ಕಾಲು ಮುಟ್ಟಿದರು. ಅಲ್ಲ ಎನ್ನಲು ಅಮ್ಮ ಬಾಯಿ ತೆರೆದಳು. ಬಂದದ್ದು ಗಾಳಿ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ನಾನು ಹೇಳಹೊರಟಾಗ ನನ್ನ ಕೈ ಅದುಮಿ ಬೇಡವೆಂದು ಸನ್ನೆ ಮಾಡಿದಳು.

ಮನೆಗೆ ಬರುವ ದಾರಿಯಲ್ಲಿ ನಿಂತು ನನ್ನ ಕಿವಿಯ ಹತ್ತಿರ ಬಾಗಿದಳು.

"ಹುಡುಗಿ ಚಂದ ಹಾಡಿದ್ದಾಳೆ. ನನ್ನದು ಅಷ್ಟು ಸಪೂರ ಇರ್ಲಿಲ್ಲ, ಸ್ವಲ್ಪ ದಪ್ಪ ಸ್ವರ."

ನಾಲ್ಕು ಹೆಜ್ಜೆ ನಡೆದು ಮತ್ತೆ ಬಾಗಿ ಕೇಳಿದಳು: "ಇನ್ನು ಅವರಿಗೆಲ್ಲ ನನ್ನ ಸ್ವರ ಅದೇ ಅಲ್ವಾ?"