ಶಿರಗುಪ್ಪಿ ಬಂಡಿದಾರಿಗೆ ತೋಡಿದ ಗುಂಡಿ

ಶಿರಗುಪ್ಪಿಗೆ ಹೊರಟ ಬಸ್ಸು ಪಂಕ್ಚರ್ ಆಗಿ, ನಾವೆಲ್ಲ ಇಳಿದು ಬೇವಿನ ಮರದ ನೆರಳಿಗೆ ನಿಂತೆವು. ಪಕ್ಕದ ಹೊಲದಲ್ಲಿ ಹೊಸ ಲೇಔಟಿನ ಬಣ್ಣ ಬಳಿದ ಕಲ್ಲುಗಳು. ಅವುಗಳ ನಡುವೆ ಸಾಗುವ ಹಳೆಯ ಬಂಡಿದಾರಿಗೆ ಅಡ್ಡಲಾಗಿ ಉದ್ದನೆಯ ಗುಂಡಿ ತೋಡಿದ್ದರು. ಮನೆ ಕಟ್ಟುವ ಮೊದಲು, ದಾರಿ ಎಷ್ಟು ಹಳೆಯದೆಂದು ಪುರಾತತ್ವದವರು ಪರೀಕ್ಷಿಸುತ್ತಿದ್ದಾರೆ ಎಂದರು ಕಂಡಕ್ಟರ್.

ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಗುಂಡಿಯ ಗೋಡೆಯ ಕರಿಮಣ್ಣಿನಲ್ಲಿ, ಬಂಡಿಯ ಗಾಲಿಗಳು ಸವೆಸಿದ ಎರಡು ಕುಳಿಗಳು ಅರ್ಧಕ್ಕೆ ಕೊಯ್ದ ಬಟ್ಟಲಿನಂತೆ ಕಾಣುತ್ತಿದ್ದವು. ಒಳಗೆ ಗರಸು ಮಣ್ಣು ಪದರು ಪದರಾಗಿತ್ತು. ಕುಳಿ ಬಿದ್ದಾಗಲೆಲ್ಲ ಯಾರೋ ತಂದು ತುಂಬಿದ್ದರು.

ಪಕ್ಕದ ಊರಿನ ಯಲ್ಲವ್ವಜ್ಜಿ ಎಂಬವರು ಅಗೆಯುವವರಿಗೆಲ್ಲ ಚಹಾ ಕೊಡುತ್ತಿದ್ದರು. ಅಲ್ಲಿದ್ದ ಪುರಾತತ್ವದ ಮಹಿಳಾ ಅಧಿಕಾರಿಗೂ ಒಂದು ಕಪ್ಪು ಕೊಟ್ಟು ಕೇಳಿದರು: "ಹಾದಿ ಹಳೇದು ಅಂತ ಗೊತ್ತಾತಲ್ರಿ ಬಾಯಾರ, ಇನ್ನ ಮುಚ್ಚಂಗಿಲ್ಲ, ಹೌದಲ್ರಿ? ನಮ್ಮ ಓಣ್ಯಾಗ ಸತ್ತಾವ್ರನ್ನ ಮಣ್ಣಿಗೆ ಒಯ್ಯಾಕ ಇದೊಂದ ಹಾದಿ. ನನ್ನ ಗಂಡನ್ನೂ ಇಲ್ಲಿಂದನ ಒಯ್ದಾರ."

ಅಧಿಕಾರಿ ಕಪ್ಪಿನತ್ತ ನೋಡಿದರು. "ಹಂಗಲ್ಲ ಆಯಿ. ಅಳತಿ ತಗೊಂಡೇವಿ, ಫೋಟೋ ತಗದೇವಿ. ದಾಖಲೆ ಆತಂದ್ರ ಲೇಔಟಿನವರು ಕಟ್ಟಬಹುದು. ಇಲ್ಲಿ ಕಂಪೌಂಡ್ ಬರತೈತಿ."

ಅಜ್ಜಿ ಕಿಟ್ಲಿ ಕೆಳಗಿಟ್ಟರು.

"ಹಂಗಾರ ನಾಳೆ ನನ್ನ ಆ ಫೋಟೋದಾಗ ಹೊತ್ಕೊಂಡ ಹೋಗ್ತಾರೇನ್ರಿ?"

ಅಧಿಕಾರಿಯ ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.

ಬಸ್ಸಿನ ಹಾರ್ನ್ ಕೇಳಿತು. ಹತ್ತಿ ಕುಳಿತು ಕಿಟಕಿಯಿಂದ ನೋಡಿದೆ. ಜೆಸಿಬಿ ಗುಂಡಿಗೆ ಮಣ್ಣು ತಳ್ಳತೊಡಗಿತ್ತು. ಅಜ್ಜಿ ಎಲ್ಲರ ಕಪ್ಪುಗಳನ್ನು ಆರಿಸಿಕೊಂಡು, ಅದೇ ದಾರಿಯಲ್ಲಿ ಗುಂಡಿಯನ್ನು ಸುತ್ತಿ ಊರಿನ ಕಡೆ ನಡೆದಿದ್ದರು.